ಕೋಣೆ ದೊಡ್ಡವಳಿಗೆ, ಒಲೆ ಚಿಕ್ಕವಳಿಗೆ

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಮೇಲಿನ ಕೋಣೆಗಳು ಅಣ್ಣನ ಪಾಲಿಗೆ ಬಂದವು, ಕೆಳಗಿನ ದೊಡ್ಡ ಒಲೆಯ ಅಡುಗೆಮನೆ ತಮ್ಮನಿಗೆ ಹೋಯಿತು. ಇಬ್ಬರೂ ತೀರಿಕೊಂಡ ಮೇಲೂ ಓರಗಿತ್ತಿಯರು ಆ ಪಾಲನ್ನು ಮುರಿಯಲಿಲ್ಲ. ಹೊಳೆ ದಾಟಿ ಊರು ನೋಡಲು ಬಂದವರು ದೊಡ್ಡವಳ ಕೋಣೆಗಳಲ್ಲಿ ಮಲಗುವರು, ಚಿಕ್ಕವಳ ಪಡಸಾಲೆಯಲ್ಲಿ ಉಣ್ಣುವರು. ಸೊಂಟದಲ್ಲಿ ಸದಾ ಕೀಲಿ ಗೊಂಚಲು ತೂಗಾಡುತ್ತಿದ್ದ ದೊಡ್ಡವಳಿಗೆ ಓಣಿಯವರಿಟ್ಟ ಹೆಸರು ಕೀಲಿಕೈ ಅಕ್ಕ. ಮೇಲೆ ಒಲೆಯೇ ಇಲ್ಲವಾದ್ದರಿಂದ ಅವಳ ಊಟವೂ ಕೆಳಗಿನಿಂದಲೇ. ಓರಗಿತ್ತಿಯರ ಮಾತುಕತೆ ಅಷ್ಟಕ್ಕಷ್ಟೇ, ಆದರೆ ತಟ್ಟೆ ಒಂದು ದಿನವೂ ತಪ್ಪಿದ್ದಿಲ್ಲ.

ಹೀಗಿರಲಾಗಿ ಪ್ರವಾಸ ಕಂಪನಿಯವನೊಬ್ಬ ಮೆಟ್ಟಿಲು ಹತ್ತಿ ಬಂದ.

"ನಿಮ್ಮ ಕೋಣೆ ಇನ್ಮೇಲೆ ಖಾಲಿ ಇರಲ್ಲಮ್ಮ. ಜನ ನಮ್ಮ ದೋಣೀಲೇ ಬರ್ತಾರೆ, ಊಟದ ಡಬ್ಬಿ ನಾವೇ ತರ್ತೀವಿ. ನೀವು ಬೀಗ ತೆಗೆದ್ರೆ ಸಾಕು."

ಸೂರು ಸೋರುತ್ತಿತ್ತು, ರಿಪೇರಿಗೆ ದುಡ್ಡು ಬೇಕಿತ್ತು. ಜನ ಬರುವುದು ಮಲಗಲಿಕ್ಕೆ ತಾನೇ ಎಂದುಕೊಂಡು ಅಕ್ಕ ಹೂಂ ಅಂದುಬಿಟ್ಟಳು.

ಮೊದಲ ಗುಂಪು ಬಂತು, ಡಬ್ಬಿ ಬಿಚ್ಚಿ ಉಂಡಿತು, ಮಲಗಿತು, ಬೆಳಗಾಗುತ್ತಲೇ ಕಿಟಕಿಯಿಂದ ನಾಲ್ಕು ಫೋಟೋ ಹೊಡೆದುಕೊಂಡು ಹೊರಟೇಹೋಯಿತು. ಊರಿನ ದೋಣಿಯವನು ದಡದಲ್ಲಿ ಕಾಲು ಚಾಚಿ ಕೂತಿದ್ದ. ತರಕಾರಿಯವಳು ತುಂಬಿದ ಬುಟ್ಟಿ ಹೊತ್ತು ಹಿಂದಿರುಗುತ್ತ, ಮೇಲೆ ನಿಂತಿದ್ದ ಅಕ್ಕನಿಗೆ ಕೇಳಿಸುವಂತೆ ಹೇಳಿದಳು: "ಒಲೆ ಹಚ್ಚಿಲ್ವಂತೆ. ಈ ಸೊಪ್ಪನ್ನೆಲ್ಲ ನಾನೇ ಮೇಯಬೇಕು."

ಮಧ್ಯಾಹ್ನ ತಟ್ಟೆ ಬರಲಿಲ್ಲ. ಕಂಪನಿಯವನು ಬಿಟ್ಟುಹೋದ ಡಬ್ಬಿಯೊಂದನ್ನು ಅಕ್ಕ ಬಿಚ್ಚಿದಳು. ತಣ್ಣಗೆ ಕೊರೆಯುತ್ತಿದ್ದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಕಡೆಗೆ ತಾನೇ ಕೆಳಗಿಳಿದಳು.

"ಏನೇ, ತಟ್ಟೆ ಮರೆತ್ಯಾ?"

"ಮರೀಲಿಲ್ಲ ಅಕ್ಕ. ನಮ್ಮಿಬ್ಬರಿಗೋಸ್ಕರ ಅಷ್ಟು ದೊಡ್ಡ ಒಲೆ ಉರಿಸೋಕಾಗುತ್ತಾ? ನಾಳೆ ಗಾರೆಯವನು ಬರ್ತಾನೆ. ಒಲೆ ಒಡೆಸಿ ಇಲ್ಲೂ ಎರಡು ಮಂಚ ಹಾಕಿಸ್ತೀನಿ. ನಿಮ್ಮ ಕಂಪನಿಯವನು ನನ್ನನ್ನೂ ಸಾಕಿಕೊಳ್ಳಲಿ."

ಅಕ್ಕ ಒಲೆಯತ್ತ ನೋಡಿದಳು. ಅದರ ಮುಂದೆಯೇ ಇಬ್ಬರೂ ಹೊಸ ಸೊಸೆಯರಾಗಿ ನಿಂತು ಅತ್ತೆಯ ಕೈಲಿ ಬೈಸಿಕೊಂಡಿದ್ದರು. ತಿರುಗಿ ಮೆಟ್ಟಿಲು ಹತ್ತಿದಳು.

ಮರುದಿನ ಗಾರೆಯವನೂ ಕಂಪನಿಯವನೂ ಒಟ್ಟಿಗೇ ಬಾಗಿಲಿಗೆ ಬಂದರು. ಅಕ್ಕ ಗೊಂಚಲು ಹಿಡಿದು ಮೆಟ್ಟಿಲಿಗೆ ಅಡ್ಡ ನಿಂತಳು.

"ಕೋಣೆ ಕೊಡ್ತೀನಪ್ಪ. ಆದ್ರೆ ಊಟ ಕೆಳಗೆ, ದೋಣಿ ನಮ್ಮೂರಿನವನದು."

"ಹಾಗಾದ್ರೆ ನಾವು ಬೇರೆ ಮನೆ ನೋಡ್ಕೋಬೇಕಾಗುತ್ತೆ."

"ನೋಡ್ಕೊಳ್ಳಿ. ಉಳಿದ ಡಬ್ಬಿ ಮಾತ್ರ ಮರೀದೆ ತಗೊಂಡ್ಹೋಗಿ."

ಅವನು ಹೋದ. ಸುತ್ತಿಗೆ ಹಿಡಿದ ಗಾರೆಯವನು ಇಬ್ಬರ ಮುಖವನ್ನೂ ನೋಡಿ, "ನಾನು ಏನು ಒಡೀಬೇಕು?" ಎಂದ.

ಚಿಕ್ಕವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಒಡೆಯೋದೇನೂ ಇಲ್ಲ. ಬಂದವನು ಮೇಲೆ ಹತ್ತಿ ಅಕ್ಕನ ಸೂರು ನೋಡು. ಅಷ್ಟರಲ್ಲಿ ಒಲೆ ಹಚ್ತೀನಿ, ಉಂಡ್ಕೊಂಡೇ ಹೋಗು."

ಮಧ್ಯಾಹ್ನ ತಟ್ಟೆ ಮೇಲೆ ಬಂತು.

ಕಂಪನಿಯ ದೋಣಿ ಮತ್ತೆ ಈ ದಡ ಮುಟ್ಟಲಿಲ್ಲ. ಕೋಣೆಗಳು ಎಷ್ಟೋ ದಿನ ಖಾಲಿ ಬಿದ್ದಿರುತ್ತವೆ. ಊರಿನ ದೋಣಿಯವನು ಯಾರನ್ನಾದರೂ ಕರೆತಂದರೆ ಬೀಗ ತೆಗೆಯುವ ಮೊದಲೇ ಅಕ್ಕ ಕೇಳುತ್ತಾಳೆ:

"ಊಟ ಕೆಳಗೆ. ಒಪ್ಪಿಗೆ ತಾನೇ?"