ಮುಠ್ಠಿಯೊಳಗಿನ ಐದು

ಮುಲುಂಡ್‌ನಲ್ಲಿರುವ ತಂಗಿಯ ಮನೆಗೆ ಹೋದಾಗಲೆಲ್ಲ ಕಾಲಿಗೆ ಏನಾದರೊಂದು ಚುಚ್ಚುತ್ತದೆ. ಈ ಭಾನುವಾರ ಕೂದಲಿನ ಕ್ಲಿಪ್ಪು. ಎರಡನೆಯ ತರಗತಿಯ ಅವಳ ಮಗಳು ನೆಲದ ತುಂಬ ಕ್ಲಿಪ್ಪು ಹರವಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ಹಾಳೆಯಲ್ಲೊಂದು ತ್ರಿಕೋನ, ತುದಿಯಲ್ಲಿ ಹದಿಮೂರು, ಬುಡದಲ್ಲಿ ಎಂಟು ಮತ್ತು ಐದು. ಆ ಮೂರೇ ಅಂಕಿಗಳಿಂದ ಎರಡು ಕೂಡುವ ಲೆಕ್ಕ, ಎರಡು ಕಳೆಯುವ ಲೆಕ್ಕ ಬರೆಯಬೇಕಂತೆ. ನೀವೇ ಹೇಳಿ, ಒಂದು ಸಾಲದೇ? ನನಗೆ ರೇಗಿತು.

"ಹದಿಮೂರರಾಗ ಐದು ಕಳದ್ರ ಎಂಟು. ಬರಿ, ಮುಗೀತು," ಎಂದೆ.

ಅವಳು ಐದು ಕ್ಲಿಪ್ಪುಗಳನ್ನು ಮುಠ್ಠಿಯಲ್ಲಿ ಬಚ್ಚಿಟ್ಟು ನನ್ನ ಮೂಗಿನ ಮುಂದೆ ಹಿಡಿದಳು. "ಕಳದಿಲ್ಲ ಮೌಸಿ, ಛುಪಾ ಹೈ! ಮುಠ್ಠಿ ಖೋಲಾ, ಮತ್ತ ಹದಿಮೂರು. ಟೀಚರ್ ಹೇಳ್ಯಾರ," ಎಂದು ಮುಠ್ಠಿ ಬಿಚ್ಚಿ ತೋರಿಸಿದಳು.

ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಆಗ ನಾವು ಧಾರಾವಿಯ ಒಂದೇ ಖೋಲಿಯಲ್ಲಿದ್ದೆವು. ಕ್ಲಿಪ್ಪುಗಳನ್ನು ರಟ್ಟಿಗೆ ಸಿಕ್ಕಿಸುವ ಕೆಲಸವನ್ನು ಅವ್ವ ಮನೆಗೆ ತರುತ್ತಿದ್ದಳು. ಅಕ್ಕಿ ಡಬ್ಬಿಯಲ್ಲೂ ಕ್ಲಿಪ್ಪು; ಒಮ್ಮೆ ಅಪ್ಪನ ಸಾರಿನಲ್ಲಿ... ಅದಿರಲಿ. ತಂಗಿಗೆ ಲೆಕ್ಕ ಕಲಿಸುವ ಹೊಣೆ ನನ್ನದು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ನಾಲ್ಕರವರೆಗೆ ಓದಿದವರಿಗಿರುವ ಸೊಕ್ಕು ಪದವಿ ಪಡೆದವರಿಗೂ ಇರಲಿಕ್ಕಿಲ್ಲ.

ಹದಿಮೂರು ಕ್ಲಿಪ್ಪಿಟ್ಟು, ಐದನ್ನು ಮುಠ್ಠಿಯಲ್ಲಿ ಹಿಡಿದು ಕೇಳಿದೆ: "ಐದು ಕಳದ್ವು. ಎಷ್ಟು ಉಳದ್ವು?"

"ಹದಿಮೂರು."

"ಕಣ್ಣ ಇಲ್ಲೇನ ನಿನಗ? ಎಣಸು!"

"ನೆಲದ ಮ್ಯಾಲ ಎಂಟು. ನಿನ್ನ ಮುಠ್ಯಾಗ ಐದು. ಎಲ್ಲಿ ಕಳದಾವಕ್ಕ?"

ಕಳೆಯುವುದೆಂದರೆ ನಮ್ಮಲ್ಲಿ ಲೆಕ್ಕವೂ ಹೌದು, ವಸ್ತು ಕಾಣೆಯಾಗುವುದೂ ಹೌದು. ಅವಳ ಕಣ್ಣಿಗೆ ಏನೂ ಕಾಣೆಯಾಗಿರಲಿಲ್ಲ. ಮೂರು ದಿನ ಅದೇ ಉತ್ತರ. ನಾಲ್ಕನೆಯ ದಿನ ಬಾಚಣಿಗೆಯಿಂದ ತಲೆಗೆ ಬಾರಿಸಿದೆ. ಅದೂ ಸಾಲದೆ ಬಾಗಿಲಿಗೆ ಎಳೆದು ತಂದು, ನಳದ ಮುಂದೆ ಸಾಲುಗಟ್ಟಿದ್ದವರಿಗೆಲ್ಲ ಕೇಳುವಂತೆ ಕೂಗಿದೆ: "ನೋಡ್ರಿ, ಇವತ್ತಿಂದ ಈ ದಡ್ಡಿ ಹೆಸರು ಹದಿಮೂರು!"

ಗಲ್ಲಿ ಆ ಹೆಸರನ್ನು ಬಿಡಲಿಲ್ಲ. "ಏ ಹದಿಮೂರು, ಹನ್ನೆರಡು ಎಲ್ಲಿ ಹೋತು?" ಕೀಟಲೆ ಶಾಲೆಗೂ ಮುಟ್ಟಿತು. ಐದನೆಯ ತರಗತಿಯಲ್ಲಿ ಅವಳು ಪಾಟಿಚೀಲವನ್ನು ಮೂಲೆಗಿಟ್ಟು ಅವ್ವನ ಪಕ್ಕ ಕ್ಲಿಪ್ಪು ಸಿಕ್ಕಿಸಲು ಕೂತಳು. ವಿದ್ಯೆ ಅವಳ ತಲೆಗೆ ಹತ್ತಲಿಲ್ಲವೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ.

ಈ ಭಾನುವಾರ ಮಗುವಿನ ಪಕ್ಕದಿಂದ ಎದ್ದು ಅಡುಗೆಮನೆಗೆ ಹೋದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು.

"ನೀ ಹೇಳಿದ್ದ ಖರೇ ಇತ್ತವ್ವ. ಐದೂ ನನ್ನ ಮುಠ್ಯಾಗ ಇದ್ವು."

ಅವಳ ಕೈ ನಿಂತಿತು. ಯಾವ ಐದು ಎಂದು ಅವಳು ಕೇಳಲಿಲ್ಲ.

"ಬೈದಿದ್ದು ಗಲ್ಲಿಗೆಲ್ಲಾ ಕೇಳೂ ಹಂಗ. ಈಗ ಒಲಿ ಮುಂದ ಬಂದು ಗುಸುಗುಸು ಅಂತೀಯಲ್ಲಕ್ಕ," ಎಂದು ಮತ್ತೆ ಬಡಿಯತೊಡಗಿದಳು.

ಆ ಗಲ್ಲಿ ಈಗಿಲ್ಲ. ಅಲ್ಲಿ ಬಿಲ್ಡಿಂಗ್ ಎದ್ದಿದೆ. ನಳದ ಸಾಲಿನವರು ಎಲ್ಲೆಲ್ಲಿ ಇದ್ದಾರೋ. ಅದಕ್ಕೇ ನಿಮ್ಮನ್ನೇ ಆ ಗಲ್ಲಿ ಎಂದುಕೊಂಡು ಕೂಗಿ ಹೇಳುತ್ತಿದ್ದೇನೆ. ಎಂಟಕ್ಕೆ ಐದು ಕೂಡಿದರೆ ಹದಿಮೂರು. ಐದನ್ನು ತೆಗೆದು ಬಚ್ಚಿಟ್ಟರೂ ಅವು ಎಲ್ಲಿಗೂ ಹೋಗುವುದಿಲ್ಲ. ನನ್ನ ತಂಗಿಗೆ ಇದು ಆರು ವರ್ಷಕ್ಕೇ ಗೊತ್ತಿತ್ತು. ಅವಳ ಹೆಸರು ಗಿರಿಜಾ.