ಕರಿ ಒಂದು, ಬಿಳಿ ಒಂದು

ಶಶಿಕಾಂತ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದ ಉಸ್ಮಾನಸಾಬರ ಸೌಂಡ್ ಸರ್ವಿಸ್‌ಗೆ ಸೇರಿದ್ದು ತೊಂಬತ್ತಾರರಲ್ಲಿ, ಮದುವೆ ಹಂದರಗಳಿಗೆ ಮೈಕು ಕಟ್ಟಲು. ಕಟ್ಟಿ ಮುಗಿಸಿ ತೆಪ್ಪಗೆ ಕೂಡುವ ಆಸಾಮಿಯಲ್ಲ ಅವನು. ಎರಡು ಕ್ಯಾಸೆಟ್ ಪ್ಲೇಯರ್ ಪಕ್ಕಪಕ್ಕ ಇಟ್ಟುಕೊಂಡು, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸಬೇಕು, ಕುಣಿಯುವವರ ಕಾಲು ನಿಲ್ಲಬಾರದು ಎಂಬ ಹುಚ್ಚು ಅವನಿಗೆ ಹಿಡಿದಿತ್ತು. ಕೈಗಡಿಯಾರ ನೋಡುತ್ತ ಹಾಡಿನ ಪೆಟ್ಟು ಎಣಿಸುವುದು, ಪ್ಲೇಯರಿನ ಮೋಟಾರಿಗಿದ್ದ ಸಣ್ಣ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಎರಡರ ವೇಗವನ್ನೂ ಸಮ ಮಾಡುವುದು. ಕೆಟ್ಟುಹೋದ ಮೋಟಾರುಗಳ ಸಲುವಾಗಿ ಅವನಷ್ಟು ಬೈಸಿಕೊಂಡವರು ಆ ಓಣಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಎರಡು ಸಾವಿರದ ಒಂದರಲ್ಲಿ ಉಸ್ಮಾನಸಾಬರು ಮುಂಬೈಯಿಂದ ಎರಡು ಹಳೆಯ ಸಿಡಿ ಯಂತ್ರ ತರಿಸಿದರು. ವೇಗ ಏರಿಸಲು, ಇಳಿಸಲು ಅವಕ್ಕೆ ಜಾರುವ ಗುಂಡಿ ಇತ್ತು. ಶಶಿಕಾಂತನಿಗೆ ಸ್ವರ್ಗ ಮೂರೇ ಗೇಣು. ಆ ವರ್ಷ ಧಾರವಾಡದ ಕಾಲೇಜೊಂದರ ಗ್ಯಾದರಿಂಗ್‌ನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಮೊದಲ ಸಲ ಡಿಜೆ ಎನಿಸಿಕೊಂಡು ಯಂತ್ರದ ಮುಂದೆ ನಿಂತ. ಮಾತು ಕಡಿಮೆ, ಪೆಟ್ಟು ಹೆಚ್ಚು ಇರುವ ಡಾನ್ಸ್ ಹಾಡುಗಳು. ಪೆಟ್ಟಿಗೆ ಪೆಟ್ಟು ಸರಿಯಾಗಿ ಕೂಡಿತ್ತು, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಹಾಡಿಗೆ ಹಾಡು ಸೇರಿದಾಗಲೆಲ್ಲ ಬೆಕ್ಕುಗಳು ಜಗಳಕ್ಕೆ ಬಿದ್ದಂತೆ ಕೇಳಿಸಿತು. ಹುಡುಗ ಹುಡುಗಿಯರು ಮುಖ ಸಿಂಡರಿಸಿ ಒಬ್ಬೊಬ್ಬರೇ ಕೂತರು. ಅರ್ಧ ತಾಸಿಗೆ ಮೈದಾನ ಖಾಲಿ.

ವಾಪಸು ಬರುವಾಗ ನವನಗರ ದಾಟುವವರೆಗೂ ಉಸ್ಮಾನಸಾಬರು ವೈರುಗಳ ಗಂಟು ಬಿಡಿಸುತ್ತ ಕೂತರು. ಆಮೇಲೆ ಹೇಳಿದರು: "ಬರೂ ವರ್ಷ ಇದ ಕಾಲೇಜಿಗೆ ಮಾತ ಕೊಟ್ಟೇನಿ. ಆವತ್ತೂ ಮಂದಿ ಕುಂತ್ರ, ನೀ ಇನ್ನ ಮಷೀನ್ ಮುಟ್ಟೂ ಹಂಗಿಲ್ಲ. ಜಲ್ಮಪೂರ್ತಿ ಮೈಕ್ ಕಟ್ಟಕೋತ ಇರಬೇಕು." ಅಂದೇ ಯಂತ್ರಗಳು ಕಪಾಟು ಸೇರಿ ಬೀಗ ಬಿತ್ತು.

ಶಶಿಕಾಂತನಿಗೆ ಅವಮಾನಕ್ಕಿಂತ ಸಿಟ್ಟು ಹೆಚ್ಚಾಗಿತ್ತು, ಅದೂ ತನ್ನ ಮೇಲೆಯೇ. ತಾಳದಲ್ಲಿ ತಪ್ಪಿಲ್ಲ ಎಂದಮೇಲೆ ತಪ್ಪು ಸ್ವರದಲ್ಲೇ ಇರಬೇಕು. ಸ್ವರ ಕೇಳಲು ಧಾರವಾಡ ಬಿಟ್ಟು ಎಲ್ಲಿಗೆ ಹೋಗುವುದು? ಅಲ್ಲಿ ಬಿಂದುಮಾಧವ ಮಾಸ್ತರರೆಂದು ಒಬ್ಬರಿದ್ದರು. ಹಾರ್ಮೋನಿಯಂ ರಿಪೇರಿ ಮಾಡುವವರು, ಗವಾಯಿಗಳ ಹಾಡಿಗೆ ಜೊತೆಗೂಡಿ ನುಡಿಸಿ ಸಾಥ್ ಕೊಡುವವರು. ಡಿಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದರು. ಮರುದಿನ ಮತ್ತೆ ಹೋದ. ಅದರ ಮರುದಿನವೂ ಹೋದ. ಹತ್ತನೆಯ ದಿನ ಇವನ ಕಾಟ ತಡೆಯಲಾಗದೆ ಒಳಗೆ ಕರೆದರು.

ಮಾಸ್ತರರು ಕಲಿಸಿದ್ದು ಇಷ್ಟೇ. ಪ್ರತಿ ಹಾಡಿಗೂ ಒಂದು ಷಡ್ಜ ಇರುತ್ತದೆ, ಹಾಡು ಎಲ್ಲಿ ಅಲೆದರೂ ಮರಳಿ ಬಂದು ನಿಲ್ಲುವ ಸ್ವರ. ಹಾರ್ಮೋನಿಯಂ ಮೇಲೆ ಬೆರಳಿಡುವ ಕರಿ, ಬಿಳಿ ಮನೆಗಳಲ್ಲಿ ಅದು ಯಾವುದೆಂದು ಹುಡುಕಬೇಕು. "ಒಂದ ಮನಿಯೊಳಗಿನ ಹಾಡು ಕೂಡತಾವಪಾ. ಬಾಜೂ ಮನಿಯಾವು ಜಗಳಾ ತೆಗಿತಾವ," ಎಂದರು. ಎಂಟು ತಿಂಗಳು ವಾರಕ್ಕೆ ಮೂರು ದಿನ ಬಸ್ಸು ಹತ್ತಿದ. ಮಾಸ್ತರರ ಮನೆಯ ಸಾದಾ ಸಿಡಿ ಪ್ಲೇಯರಿನಲ್ಲಿ ಹಾಡು ಕೇಳುತ್ತ, ಬೆರಳಿಂದ ಷಡ್ಜ ಹುಡುಕುತ್ತ, ಒಂದೊಂದೇ ಹಾಡಿದ್ದ ಸಿಡಿಗಳಿಗೆಲ್ಲ ಆ ಮನೆಯ ಚೀಟಿ ಅಂಟಿಸಿದ: ಕರಿ ಒಂದು, ಬಿಳಿ ಐದು, ಕರಿ ಮೂರು. ಬಿಳಿ ಒಂದರ ಪಕ್ಕದ, ಒಂದು ಮೆಟ್ಟಿಲು ಮೇಲಿನ ಮನೆಯೇ ಕರಿ ಒಂದು. ಅವೆರಡೂ ಬೆರೆಯದಂತೆ ಬೇರೆ ಬೇರೆ ಡಬ್ಬಿಯಲ್ಲಿಟ್ಟ.

ಫೆಬ್ರುವರಿಯಲ್ಲಿ ಗ್ಯಾದರಿಂಗ್ ಬಂತು, ಕಪಾಟಿನ ಬೀಗ ಕಳಚಿತು. ಮಧ್ಯಾಹ್ನ ಮೂರಕ್ಕೆ ಮೊದಲ ಹಾಡು ಶುರುವಾಯಿತು, ಕರಿ ಒಂದರದ್ದು. ಮೈದಾನ ತುಂಬಿತು. ಎರಡನೆಯದಕ್ಕೂ ಕರಿ ಒಂದರದ್ದನ್ನೇ ಆರಿಸಿದ್ದ, ಆದರೆ ಅದು ತುಸು ನಿಧಾನದ್ದು. ಗುಂಡಿ ಜಾರಿಸಿ ವೇಗ ಸಮ ಮಾಡಿ, ಮೈದಾನಕ್ಕೆ ಬಿಡುವ ಮೊದಲು ತಾನೊಬ್ಬನೇ ಕೇಳಲು ಹೆಡ್‌ಫೋನನ್ನು ಒಂದು ಕಿವಿಗೆ ಒತ್ತಿದ. ಅವೇ ಬೆಕ್ಕುಗಳು.

ಚೀಟಿ ನೋಡಿದ: ಕರಿ ಒಂದು. ಎಂಟು ತಿಂಗಳು ಮಣ್ಣುಪಾಲಾಯಿತು ಎಂದುಕೊಂಡ. ಹಾಡು ಮುಗಿಯಲು ಒಂದೂವರೆ ನಿಮಿಷ ಉಳಿದಿತ್ತು. ಆಗ ಹೊಳೆಯಿತು. ಗವಾಯಿ ಎಷ್ಟೇ ದ್ರುತ್‌ಗೆ, ವೇಗದ ಲಯಕ್ಕೆ, ಹೋದರೂ ಷಡ್ಜ ಕದಲುವುದಿಲ್ಲ, ಮಾಸ್ತರರ ಲೋಕವೇ ಅದು. ಈ ಯಂತ್ರದಲ್ಲಿ ವೇಗ ಏರಿದರೆ ಷಡ್ಜವೂ ಅದರ ಬೆನ್ನು ಹತ್ತಿ ಮೇಲೇರುತ್ತದೆ. ಸ್ಕ್ರೂ ತಿರುವಿದಾಗ ಗಂಡಸಿನ ದನಿ ಹೆಂಗಸಿನದಾಗುವುದನ್ನು ವರ್ಷಗಟ್ಟಲೆ ಕೇಳಿ ನಕ್ಕವನಿಗೆ ಇದು ತಿಳಿಯದೇ ಹೋಯಿತಲ್ಲ! ಆ ಹಾಡು ಒಂದು ಮನೆ ಮೇಲೆ ಹೋಗಿ ಕೂತಿತ್ತು. ಹಾಗಾದರೆ ಏರಿದ ಮೇಲೆ ಕರಿ ಒಂದಕ್ಕೆ ಬಂದು ಸೇರಬೇಕಾದ ಹಾಡು ಒಂದು ಮನೆ ಕೆಳಗಿನದಾಗಿರಬೇಕು.

ಜಗಳಗಂಟ ಎಂದು ದೂರ ಇಟ್ಟಿದ್ದ ಬಿಳಿ ಒಂದರ ಡಬ್ಬಿ ತೆರೆದ. ಅಷ್ಟೇ ನಿಧಾನದ ಹಾಡೊಂದನ್ನು ಹುಡುಕಿ ತೆಗೆದ. ಗುಂಡಿ ಅಳತೆ ತಪ್ಪದೆ ಜಾರಿತು. ಪೆಟ್ಟು ಕೂಡಿತು. ಕಣ್ಣು ಮುಚ್ಚಿ ಷಡ್ಜಕ್ಕಾಗಿ ಕಿವಿಗೊಟ್ಟ. ಎರಡೂ ಒಂದೇ ಕಡೆ ನಿಂತಿದ್ದವು. ಹಾಡನ್ನು ಮೈದಾನಕ್ಕೆ ಬಿಟ್ಟ. ಕುಣಿಯುವವರಲ್ಲಿ ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಅಲ್ಲಿಂದ ಮುಂದೆ ಚೀಟಿಯನ್ನು ಪೂರ್ತಿ ನಂಬುವುದು ಬಿಟ್ಟ. ಮೊದಲು ವೇಗ ಸಮ ಮಾಡುವುದು, ಆಮೇಲೆ ಕಿವಿಗೆ ಕೂಡಿದರೆ ಮಾತ್ರ ಹೊರಗೆ ಬಿಡುವುದು. ಬೆವರು ಕಣ್ಣಿಗಿಳಿದರೂ ಅವನು ಯಂತ್ರ ಬಿಟ್ಟು ಕದಲಲಿಲ್ಲ.

ಅರ್ಧ ತಾಸಾದ ಮೇಲೆ ಉಸ್ಮಾನಸಾಬರು ತಾಳ್ಮೆ ಕಳೆದುಕೊಂಡು ಸ್ಟೇಜ್ ಹತ್ತಿ ಬಂದರು.

"ಯಾಕಲೇ, ಒಂದ ಹಾಡ ಹಚ್ಚಿ ನಿಂತಿಯಲ್ಲ? ಎರಡನೇದ್ದ ಯಾವಾಗ ಹಾಕಾಂವ?"

"ಸಾಹೇಬ್ರ, ಇದು ಆರನೇದ್ದರಿ."

ಉಸ್ಮಾನಸಾಬರು ಅವನ ಮುಖ ನೋಡಿದರು, ಮೈದಾನ ನೋಡಿದರು. ಎಲ್ಲರೂ ಕುಣಿಯುತ್ತಿದ್ದರು, ಕುರ್ಚಿಗಳೆಲ್ಲ ಖಾಲಿ ಇದ್ದವು. ಯಾರಿಗೋ ಹೇಳುವವರಂತೆ ಅಂದರು: "ಹಂಗಾದ್ರ ಮೈಕ್ ಕಟ್ಟಾಕ ಬ್ಯಾರೆಯಾಂವನ್ನ ಹುಡುಕಬೇಕಾತು."