ಅರ್ಧ ಇಂಚು ಮೇಲೆ

"ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪುತ್ತೆ" ಎನ್ನುವುದು ಟೈಲರಕ್ಕನ ಮಂತ್ರ. ಟೇಪು ಹಿಡಿದು ನಿಂತಳೆಂದರೆ ಗಿರಾಕಿಯ ಮೈಯಲ್ಲಿ ಕಾಲು ಇಂಚಿನ ಕಳ್ಳತನವೂ ನಡೆಯುವಂತಿಲ್ಲ. ಊರ ಹೆಂಗಸರಿಗೆಲ್ಲ ಹೊಲಿದು ಹೊಲಿದು, ತನ್ನ ಹಲಗೆಯಂಥ ಎದೆಯ ಮೇಲೆ ಮಾತ್ರ ಯಾವ ಅಂಗಿಯೂ ಕೂರುವುದಿಲ್ಲವೆಂಬ ಕೊರಗು ಅವಳಿಗೆ ಹದಿನೆಂಟರಿಂದಲೂ ಇತ್ತು. ನಲವತ್ತು ತುಂಬಿದ ಮೇಲೆ ಹಟ ಹಿಡಿದು ಎದೆಗೆ ಸಿಲಿಕಾನ್ ಚೀಲ ಇಡಿಸಿಕೊಂಡಳು. ವೆಲ್ಡಿಂಗ್ ಕೆಲಸದ ಗಂಡ ಕೆಂಡವಾಗಿದ್ದ.

"ನೆಟ್ಟಗಿರೋ ಗೋಡೆಗೆ ಗಾರೆ ಮೆತ್ತಿಸ್ತೀಯಾ?"

"ಗೋಡೆ ನಂದು" ಅಂದಿದ್ದಳು.

ನಾಲ್ಕು ವರ್ಷಕ್ಕೆ ಎಡಗಡೆಯದು ಕಲ್ಲಾಯಿತು. ಮೊದಲು ಬಿಗಿತ, ಆಮೇಲೆ ನೋವು. ಅಳೆದು ನೋಡಿದರೆ ಬಲಕ್ಕಿಂತ ಅರ್ಧ ಇಂಚು ಮೇಲೆ! ಡಾಕ್ಟರ ಹತ್ತಿರ ಓಡುವುದು ಬಿಟ್ಟು ತನ್ನ ಅಂಗಿಗಳ ಹೊಲಿಗೆ ಬಿಚ್ಚಿ, ಎಡಗಡೆಯದನ್ನೂ ಅರ್ಧ ಇಂಚು ಏರಿಸಿ ಹೊಲಿದಳು. ಎಂಥ ಬುದ್ಧಿ ನೋಡಿ! ಗಂಡನ "ನಾ ಹೇಳಿರ್ಲಿಲ್ವಾ" ಎಂಬ ಒಂದೇ ಮಾತಿಗೆ ಹೆದರಿ ಐದು ತಿಂಗಳು ಹಲ್ಲು ಕಚ್ಚಿದಳು. ಕೊನೆಗೊಮ್ಮೆ ಹೊಲಿದ ಕೋಟು ತಗುಲಿಹಾಕಲು ಕೈ ಎತ್ತಿದವಳು ಅವನೆದುರೇ ಕುಸಿದಾಗ ಗುಟ್ಟು ರಟ್ಟಾಯಿತು.

ಚೀಲ ಇಟ್ಟ ಆಸ್ಪತ್ರೆ ಯಾವಾಗಲೋ ಬಾಗಿಲು ಹಾಕಿಕೊಂಡಿತ್ತು. ಅವರ ಮನೆ ಹಾಳಾಗ! ಬೇರೆ ಕಡೆಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು: "ಚೀಲದ ಸುತ್ತ ಮೈಯೇ ಗಟ್ಟಿ ಪದರ ಕಟ್ಕೊಂಡು ಹಿಂಡ್ತಿದೆ. ಎಡಗಡೇದು ತೆಗೀಲೇಬೇಕು. ಒಂದು ಜಾತಿ ಚೀಲನ ದೋಷ ಇದೆ ಅಂತ ಕಂಪನಿಯೋರೇ ವಾಪಸ್ ತಗೊಂಡಿದಾರೆ. ನಿಮ್ದೂ ಅದೇ ಆಗಿದ್ರೆ ಬಲಗಡೇದೂ ತೆಗೆಯೋದು ವಾಸಿ. ಚೀಲ ಇಟ್ಟಾಗ ಕೊಟ್ಟ ಕಾರ್ಡಲ್ಲಿ ಅದರ ನಂಬರಿರುತ್ತೆ, ತನ್ನಿ."

ಟೈಲರಕ್ಕನ ಮುಖ ಸುಣ್ಣವಾಯಿತು. ಗಟ್ಟಿ ಕಾಗದ ಕಂಡರೆ ಅವಳ ಕತ್ತರಿ ಸುಮ್ಮನಿರುತ್ತದೆಯೇ? ಆ ಕಾರ್ಡನ್ನು ಕತ್ತರಿಸಿ, ಜೇಬಿನ ಮುಚ್ಚಳಕ್ಕೆ ಬಟ್ಟೆ ಕತ್ತರಿಸುವ ನಮೂನೆ ಮಾಡಿಕೊಂಡಿದ್ದಳು.

ಅಂಗಡಿಗೆ ಬಂದು ನೋಡಿದರೆ, ಮೊಳೆಗೆ ತೂಗುತ್ತಿದ್ದ ನಮೂನೆಯ ಮೇಲೆ ನಂಬರಿನ ತಲೆ ಮಾತ್ರ ಇತ್ತು.

"ಬಾಲ ಎಲ್ಲೇ?" ಗಂಡನ ಕೂಗಿಗೆ ಕಿಟಕಿಯ ಗಾಜು ನಡುಗಿತು.

"ಮಿಷನ್ನು ಅಲ್ಲಾಡ್ತಿತ್ತು... ಉಳಿದ ಚೂರನ್ನ ಅದರ ಕಾಲ ಕೆಳಗೆ ಇಟ್ಟೆ."

ಅವನು ಹೊಲಿಗೆ ಮಿಷನ್ನನ್ನು ಒಂದೇ ಏಟಿಗೆ ಎತ್ತಿದ. ಮಡಿಸಿದ ಚೂರು ಸಿಕ್ಕಿತು. ತಲೆಗೆ ಬಾಲ ಜೋಡಿಸಿ ಡಾಕ್ಟರಮ್ಮ ಪಟ್ಟಿ ನೋಡಿದರು. ಅದೇ ಜಾತಿ. ಎರಡೂ ಹೋಗಬೇಕು.

ಆಪರೇಷನ್ ಆದ ಮೇಲೆ ಕೆಲವು ವಾರ ಕೈ ಎತ್ತುವಂತಿಲ್ಲ, ಮುಂದೆ ಗುಂಡಿಯಿರುವ ಅಂಗಿ ಬೇಕು ಎಂದರು. ತನ್ನ ಅಳತೆ ತೆಗೆದುಕೊಳ್ಳಲು ಟೈಲರಕ್ಕನ ಎಡಗೈ ಏಳಲಿಲ್ಲ. ಗಂಡ ಟೇಪು ಕಿತ್ತುಕೊಂಡ.

"ಉಲ್ಟಾ ಹಿಡಿದಿದ್ದೀರಿ."

"ಸುಮ್ನಿರೇ, ಕಬ್ಬಿಣ ಅಳೆದೋನು ನಾನು."

"ಎದೆಗೆ ಎಷ್ಟು ಅಂತ ಬರೀತೀರಿ? ಮತ್ತೆ ಹಲಗೆ ತಾನೆ."

ಅವನು ಬಾಯಿ ತೆರೆದ. ಈಗ ಬಂತು ಆ ಮಾತು ಎಂದು ಅವಳು ಕಣ್ಣು ಮುಚ್ಚಿದಳು.

"ಉಸಿರು ಬಿಗಿ ಹಿಡೀಬೇಡ ಕಣೇ" ಅಂದ, "ಅಳತೆ ತಪ್ಪುತ್ತೆ."